ಇದಾಲಿನಾಳ ಮೇಜಿನ ಮೇಲೆ ಉಪ್ಪಿರಲಿಲ್ಲ

ಬೋಗುಣಿಯಲ್ಲಿ ನೆನೆಯುತ್ತಿದ್ದ ಮೀನಿನಿಂದ ಒಂದು ಎಳೆ ಕಿತ್ತು ನಾಲಿಗೆಯ ಮೇಲಿಟ್ಟ ಫಿರ್ಮಿನು. ಉಪ್ಪೇ ಇಲ್ಲ. ದಪ್ಪಗಿದ್ದ ಬೆನ್ನಿನ ಕಡೆಯಿಂದ ಇನ್ನೊಂದು ಚೂರು ಕಿತ್ತು ಚೀಪಿದ. ಅದೂ ಸಪ್ಪೆ. ಒದ್ದೆ ಹತ್ತಿ ಬಾಯಿಗಿಟ್ಟುಕೊಂಡ ಹಾಗಿತ್ತು.

ಒಣಮೀನೆಂದರೆ ಏನು, ಉಪ್ಪಿನ ಹಲಗೆ ತಾನೇ? ಎರಡು ದಿನ ನೀರಲ್ಲಿ ಹಾಕಿ, ಬೆಳಿಗ್ಗೆ ಸಂಜೆ ನೀರು ಬದಲಿಸಿದರೆ ತಿನ್ನುವ ಹದಕ್ಕೆ ಬರುತ್ತದೆ. ನೆನೆದದ್ದು ಸಾಲದೆ ಗಂಟಲು ಉರಿದದ್ದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಉಪ್ಪೆಲ್ಲ ತೊಳೆದುಹೋಗುವಷ್ಟು ನೆನೆದದ್ದನ್ನು ಯಾರೂ ಕಂಡಿರಲಿಲ್ಲ. ನೀರು ಬದಲಿಸಿದ್ದನ್ನು ಮರೆತು ಮತ್ತೆ ಬದಲಿಸಿ, ಅದನ್ನೂ ಮರೆತು ಮತ್ತೆ ಬದಲಿಸುವ ಹೆಂಗಸು ಅಲ್ಲಿ ಯಾವತ್ತೂ ಒಲೆ ಹಚ್ಚಿದವಳಲ್ಲ. ಶುಕ್ರವಾರದಿಂದ ಅಡಿಗೆಮನೆಯ ನಲ್ಲಿ ಸುರಿಯುತ್ತಲೇ ಇತ್ತು. ಅದೂ ಫಿರ್ಮಿನುವಿನ ಕಿವಿಗೆ ಬಿದ್ದಿತ್ತು. ಹೆಂಡತಿ ಇದಾಲಿನಾ ಪಾತ್ರೆ ತೊಳೆಯುತ್ತಿದ್ದಾಳೆಂದುಕೊಂಡು ಹಾಯಾಗಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದ. ಮಂಕುದಿಣ್ಣೆ!

ಬೇರೆ ಭಾನುವಾರವಾಗಿದ್ದರೆ ಚಿಂತೆಯಿರಲಿಲ್ಲ. ಇವತ್ತು ಊಟಕ್ಕೆ ಲುಸೀಲಿಯಾ ಬರುವವಳಿದ್ದಳು. ಹೊಳೆಯಾಚೆಗಿನ ವೃದ್ಧಾಶ್ರಮವನ್ನು ನೋಡಿಕೊಳ್ಳುವವಳು ಅವಳು. ಕರೆದವಳು ಮಗಳು ಗ್ರಸಿಯೆತ್. ಎರಡು ಬೀದಿ ಆಚೆ ಅವಳ ಮೀನಿನಂಗಡಿ. ಗುರುವಾರ ಫಿರ್ಮಿನು ಅಲ್ಲಿಗೆ ಹೋಗಿದ್ದಾಗ, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಕೈ ಒರೆಸಿಕೊಂಡು ಹೇಳಿದ್ದಳು.

"ಅಪ್ಪಾ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಭಾನುವಾರ ಆಕೆ ಬಂದು ನಮ್ಮ ಜೊತೆ ಕೂತು ಉಣ್ಲಿ, ಅಮ್ಮನ್ನ ನೋಡ್ಲಿ. ಅಮ್ಮ ಮನೇಲೇ ಇರಬಹುದು ಅಂತ ಆಕೆ ಅಂದ್ರೆ ನಾನು ಇನ್ನು ಬಾಯಿ ತೆಗೆಯಲ್ಲ."

"ಬೇಡ ಅಂದ್ರೆ?"

"ಬೇಡ ಅಂದ್ರೆ ನೀನು ಬಾಯಿ ತೆಗೀಬಾರದು."

"ಹೆತ್ತವಳನ್ನ ಹೊಳೆ ದಾಟಿಸೋಕೆ ಅಷ್ಟು ಆತುರವೇನೇ ನಿಂಗೆ?"

ಗ್ರಸಿಯೆತ್‌ಳ ಕಣ್ಣು ತುಂಬಿಕೊಂಡಿತು. "ಆತುರಾನಾ? ಗ್ಯಾಸ್ ತಿರುಗಿಸಿ, ಕಡ್ಡಿ ಗೀರೋದು ಮರೆತು, ಕಾಳು ಬಿಡಿಸ್ತಾ ಕೂತಿದ್ಳಲ್ಲ ಅಪ್ಪಾ. ನಾನು ಅವತ್ತು ಆ ಕಡೆ ಬರದೇ ಹೋಗಿದ್ರೆ? ನೀನು ಬಂದು ಸಿಗರೇಟು ಹಚ್ಚಿದ್ದಿದ್ರೆ?"

ಫಿರ್ಮಿನು ಆಗಲಿ ಎಂದು ಒಪ್ಪಿಕೊಂಡು ಬಂದಿದ್ದ. ಒಂದು ಊಟ ತಾನೇ, ದಾಟಿಸಿಬಿಡೋಣ ಎಂದುಕೊಂಡಿದ್ದ. ಚಳಿಗಾಲದಿಂದ ದಿನಾ ಎರಡು ಊಟ ದಾಟಿಸುತ್ತ ಬಂದವನು ಅವನು. ಇದಾಲಿನಾಳ ಅಡಿಗೆ ಒಂದು ದಿನ ಸಪ್ಪೆ, ಒಂದು ದಿನ ಕಡಲುಪ್ಪು. ಅವಳು ಕೋಳಿಗೆ ಸಿಪ್ಪೆ ಹಾಕಲು ಹಿತ್ತಿಲಿಗೆ ಹೋದಾಗ ಅವನು ಕಳ್ಳಬೆಕ್ಕಿನ ಹಾಗೆ ಅಡಿಗೆಮನೆ ಹೊಕ್ಕು, ರುಚಿ ನೋಡಿ, ಜೇಬಿನ ಪೊಟ್ಟಣದಿಂದ ಉಪ್ಪುದುರಿಸುತ್ತಿದ್ದ, ಇಲ್ಲವೇ ಒಂದು ಚೆಂಬು ನೀರು ಸುರಿದು ಆಲೂಗಡ್ಡೆ ಹಾಕುತ್ತಿದ್ದ. ಮಗಳು ಬಂದು ಉಂಡು, "ಅಮ್ಮನ ಕೈ ಇನ್ನೂ ಹಾಗೇ ಇದೆ" ಎಂದರೆ, ತನ್ನನ್ನೇ ಹೊಗಳಿದಂತೆ ಹಿಗ್ಗುತ್ತಿದ್ದ.

ನೇರವಾಗಿ ಹೆಂಡತಿಗೇ ಹೇಳಬಹುದಿತ್ತಲ್ಲ ಎಂದು ಕೇಳುವವರು ಆ ಊರಿನವರಲ್ಲ. ಅಲ್ಲಿ ಗಂಡಸರೆಲ್ಲ ಉಪ್ಪಿನ ಆಗರದಲ್ಲಿ ಬೆನ್ನು ಬಗ್ಗಿಸಿದವರು. ಬೇಸಿಗೆಯಲ್ಲಿ ಬೀದಿಯ ಕೊನೆಯಲ್ಲೇ ಉಪ್ಪು ಗುಡ್ಡೆ ಬಿದ್ದಿರುತ್ತದೆ, ಆದರೆ ಯಾರ ಮನೆಯ ಊಟದ ಮೇಜಿನ ಮೇಲೂ ಉಪ್ಪಿನ ಬಟ್ಟಲು ಕಾಣುವುದಿಲ್ಲ. ಉಪ್ಪು ಹಾಕುವುದು ಅಡಿಗೆಯವಳ ಕೆಲಸ, ಹಾಕಿದ ಮೇಲೆ ಅದು ಮುಗಿದ ಮಾತು. ಅತಿಥಿಯಾಗಿ ಹೋದವನು ಉಪ್ಪು ಕೇಳಿದನೋ, "ತಾಯಿ, ನಿನ್ನ ಕೈ ಹೋಯಿತು" ಎಂದು ನಾಲ್ಕು ಜನರ ಮುಂದೆ ಹೇಳಿದ ಹಾಗೆ. ಪಕ್ಕದ ಮನೆಯ ಬೆಲ್ಮೀರಾಳ ಮದುವೆಯಲ್ಲಿ ಗಂಡಿನ ಸೋದರಮಾವನೊಬ್ಬ ಕೇಳಿಬಿಟ್ಟಿದ್ದ, ಹೊರಗಿನವನು, ತಿಳಿಯದೆ. ಬೆಲ್ಮೀರಾಳ ತಾಯಿ ಸಾಯುವವರೆಗೂ ಅವನ ಹೆಸರೆತ್ತಿದರೆ ಎದ್ದುಹೋಗುತ್ತಿದ್ದಳು. ಹಾಗಾದರೆ ಸಪ್ಪೆ ಸಿಕ್ಕಿದರೆ ಏನು ಮಾಡಬೇಕು? ಮೇಜಿನ ಮೇಲೆ ಉಪ್ಪುನೀರಿನ ಆಲಿವ್ ಕಾಯಿ ಇರುತ್ತದಲ್ಲ, ತುತ್ತಿಗೊಂದು ಕಾಯಿ ಕಚ್ಚಿಕೊಂಡು, ಚೆನ್ನಾಗಿದೆ ಅನ್ನಬೇಕು. ಜಾಣೆಯಾದ ಅಡಿಗೆಯವಳು ಆಲಿವ್ ಬಟ್ಟಲು ಎಷ್ಟು ಬೇಗ ಖಾಲಿಯಾಯಿತೆಂದು ನೋಡಿ ತಾನೇ ತಿಳಿದುಕೊಳ್ಳುತ್ತಾಳೆ. ಇದಾಲಿನಾಳ ಮನೆಯಲ್ಲಿ ಆ ಬಟ್ಟಲು ಯಾವತ್ತೂ ತುಂಬಿದ್ದು ತುಂಬಿದಂತೆಯೇ ಉಳಿಯುತ್ತಿತ್ತು. ಅವಳ ಹೆಮ್ಮೆಯೆಲ್ಲ ಅದೇ. ಬಡವರ ಮನೆಯ ಹೆಂಗಸಿಗೆ ಇನ್ನೇನಿರುತ್ತದೆ ಹೇಳಿ?

ಮೀನು, ಆಲೂಗಡ್ಡೆ, ಕಡಲೆಕಾಳು, ಈರುಳ್ಳಿ ಎಲ್ಲ ಪಾತ್ರೆಗೆ ಬಿದ್ದು ಕುದಿಯತೊಡಗಿತು. ಇದಾಲಿನಾ ಸೊಪ್ಪು ತರಲು ಹಿತ್ತಿಲಿಗೆ ಇಳಿದಳು. ಇದೇ ಸಮಯವೆಂದು ಫಿರ್ಮಿನು ಮುಷ್ಟಿಯಲ್ಲಿ ಉಪ್ಪು ಹಿಡಿದು ಮುಚ್ಚಳ ಎತ್ತಿದ. ಹಿಂದಿನಿಂದ ಸಿಡಿಲು ಬಡಿಯಿತು.

"ಯಾರದು ನನ್ನ ಪಾತ್ರೆಗೆ ಕೈ ಹಾಕೋದು?"

"ನಾನೇ ಕಣೆ. ಘಮ ಬಂತು, ನೋಡ್ದೆ."

"ಮೂಗಲ್ಲಿ ನೋಡೋಕೆ ಮುಷ್ಟಿ ಯಾಕೆ ಬೇಕು? ಬಿಚ್ಚು ಮುದುಕಾ."

"ಏನಿಲ್ಲ ಬಿಡೇ."

"ಬಿಚ್ಚು ಅಂದೆ!"

ಬಿಚ್ಚಿದ. ಇದಾಲಿನಾ ಅವನ ಅಂಗೈಯನ್ನೂ ಮುಖವನ್ನೂ ನೋಡಿದಳು. ಕಿವಿಯ ತುದಿಯವರೆಗೆ ಕೆಂಪಾದಳು.

"ಉಪ್ಪಾ? ನನ್ನ ಅಡಿಗೆಗೆ ನೀನು ಉಪ್ಪು ಹಾಕ್ತೀಯಾ? ಆಗರದಲ್ಲಿ ಜೀವಮಾನವಿಡೀ ಗೋರಿದ್ದು ಸಾಲ್ದು ಅಂತ ನನ್ನ ಒಲೆ ಹತ್ರ ಬಂದ್ಯಾ? ಮೊಟ್ಟೆ ಬೇಯಿಸೋಕೆ ಬರದ ಗಂಡಸು! ನಿಮ್ಮಮ್ಮನ ಕೈ ಅಡಿಗೆ ತಿಂದು ಕಡ್ಡಿ ಹಾಗಿದ್ದೆ, ಈ ಹೊಟ್ಟೆ ಯಾರು ಬೆಳೆಸಿದ್ದು?"

"ನೀನೇ ಕಣೆ, ನೀನೇ."

"ಹಾಗಾದ್ರೆ ತೊಳಿ ಕೈಯನ್ನ. ಹೊರಗೆ ನಡಿ. ಇನ್ನೊಂದು ಸಲ ಹೊಸ್ತಿಲು ದಾಟಿದ್ಯೋ, ಸೌಟಲ್ಲೇ ಇಕ್ತೀನಿ."

ಅವನು ಕೈ ತೊಳೆದು ಹೊರಗೆ ಬಂದ. ಭಯಪಡಬೇಕಾದವನು ಬೆಂಚಿನ ಮೇಲೆ ಕೂತು ನಗುತ್ತಿದ್ದ. ಹೀಗೆ ಬೈಸಿಕೊಂಡು ಎಷ್ಟು ತಿಂಗಳಾಗಿತ್ತು! ಈಚೆಗೆ ಇದಾಲಿನಾ ಬೈಯುವುದನ್ನೇ ಬಿಟ್ಟಿದ್ದಳು. ಕಿಟಕಿಯ ಬಳಿ ಕೂತು ಲಂಗದ ಅಂಚು ನೀವುತ್ತ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಇವತ್ತು ನೋಡು, ಹುಲಿ ಎದ್ದಿದೆ. ಇವಳನ್ನು ಯಾರು ಒಯ್ಯುತ್ತಾರೆ? ಇವಳಿಲ್ಲದೆ ಈ ಮನೆಯಲ್ಲಿ ತಾನಾದರೂ ಯಾರನ್ನು ನೋಡಿಕೊಂಡು ಬದುಕಬೇಕು?

ಆದರೆ ಮೀನು ಸಪ್ಪೆಯಾಗಿಯೇ ಉಳಿಯಿತು. ಪಾತ್ರೆಯ ಮುಂದೆ ಅವಳು ಕಾವಲು ನಿಂತಳು. ಅವನಿಗೆ ಉಳಿದದ್ದು ಒಂದೇ ದಾರಿ. ಭರಣಿಯಿಂದ ಆಲಿವ್ ಬಗೆದು, ಬಟ್ಟಲನ್ನು ಗೋಪುರದ ಹಾಗೆ ತುಂಬಿ ಮೇಜಿನ ನಡುವೆ ಇಟ್ಟ.

ಲುಸೀಲಿಯಾ ನೀಲಿ ಅಂಗಿ ತೊಟ್ಟು, ದಾರ ಕಟ್ಟಿದ ಕೇಕಿನ ಪೊಟ್ಟಣ ಹಿಡಿದು ಗ್ರಸಿಯೆತ್‌ಳ ಹಿಂದೆ ಬಂದಳು. ಅವಳನ್ನು ದ್ವೇಷಿಸಬೇಕೆಂದು ಫಿರ್ಮಿನು ಬೆಳಗಿನಿಂದ ತಯಾರಾಗಿದ್ದ. ಆ ಹೆಂಗಸೋ ದುಂಡಗೆ, ನಗುಮುಖದವಳು, ಹೊಸ್ತಿಲಲ್ಲೇ ಕಾಲು ಒರೆಸಿಕೊಂಡು, "ಅಬ್ಬಾ, ಬೀದಿ ತನಕ ಬೆಳ್ಳುಳ್ಳಿ ಘಮ!" ಎಂದಳು. ಅಂಥವಳನ್ನು ದ್ವೇಷಿಸುವುದು ಹೇಗೆ?

"ಬನ್ನಿ ಬನ್ನಿ, ಬಡವರ ಮನೆ," ಎಂದು ಇದಾಲಿನಾ ಕೈ ಒರೆಸಿಕೊಂಡು ಬಂದಳು. ಅವಳ ಮುಖವನ್ನೇ ನೋಡಿ, "ನೀವು ಬೆಲ್ಮೀರಾಳ ತಂಗಿ ಮಗಳಲ್ವಾ? ಆ ಮೂಗು ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಮ್ಮ ಚರ್ಚಿನಲ್ಲಿ ಹಾಡಿದ್ರೆ ಪಾದ್ರಿ ಪ್ರಸಂಗ ಮರೀತಿದ್ರು," ಎಂದಳು.

ಲುಸೀಲಿಯಾ ಗಟ್ಟಿಯಾಗಿ ನಕ್ಕಳು. "ಅಲ್ಲಾ ದೋನಾ ಇದಾಲಿನಾ, ಅಷ್ಟು ಹಳೇದು ನೆನಪಿದೆಯಾ ನಿಮಗೆ!"

ಫಿರ್ಮಿನು ಮಗಳತ್ತ ನೋಡಿದ. ಕೇಳಿಸಿತಾ, ಎಂಬ ನೋಟ. ಮಗಳು ಕಣ್ಣು ತಗ್ಗಿಸಿದಳು. ಅವಳ ತುಟಿಯಲ್ಲೂ ಒಂದು ಸಣ್ಣ ನಗೆಯಿತ್ತು.

ಸೊಪ್ಪಿನ ಸಾರು ಸುಖವಾಗಿ ದಾಟಿತು. ಆಮೇಲೆ ಮೀನು ಬಂತು. ಇದಾಲಿನಾ ನಿಂತೇ ಬಡಿಸಿದಳು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವುದು ಅವಳ ಪದ್ಧತಿ. ಲುಸೀಲಿಯಾ ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ಅಗಿಯುವುದು ಅರೆಗಳಿಗೆ ನಿಂತಿತು. ಅವಳ ಕೈ ನಿಧಾನಕ್ಕೆ ಮುಂದೆ ಬಂದು, ಒಂದು ಆಲಿವ್ ಎತ್ತಿಕೊಂಡಿತು.

"ಹೇಗಿದೆ?" ಇದಾಲಿನಾ ಕೇಳಿದಳು.

"ತುಂಬಾ ಚೆನ್ನಾಗಿದೆ. ನಿಮ್ಮ ಕೈಗುಣವೇ ಬೇರೆ."

"ಹಾಗಾದ್ರೆ ಇನ್ನೊಂದು ತುಂಡು ಹಾಕಿಸ್ಕೊಳ್ಳಿ. ನಾಚ್ಕೋಬಾರದು."

ಪುಣ್ಯಾತ್ಗಿತ್ತಿ ತಟ್ಟೆ ಮುಂದೆ ಒಡ್ಡಿದಳು. ಅವಳ ಕೈಯನ್ನು ಹಿಡಿದು ಮುತ್ತಿಡಬೇಕೆನಿಸಿತು ಫಿರ್ಮಿನುವಿಗೆ. ಉಪ್ಪು ಕೇಳಬಾರದೆಂಬ ಈ ಊರಿನ ರೀತಿಯನ್ನು ಮಾಡಿಟ್ಟ ಹಿರಿಯರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಸಪ್ಪೆ ಮೀನನ್ನು ಜೀವನದಲ್ಲಿ ಮೊದಲ ಬಾರಿ ಚಪ್ಪರಿಸಿಕೊಂಡು ತಿಂದ.

ವೈನ್ ಹೂಜಿ ತುಂಬಿಸುವ ನೆಪದಲ್ಲಿ ಗ್ರಸಿಯೆತ್ ಅವನನ್ನು ಹಿತ್ತಿಲ ಬಾಗಿಲಿಗೆ ಕರೆದಳು.

"ಅಪ್ಪಾ, ಮೀನು ಪೂರಾ ಸಪ್ಪೆ."

"ನಾನೇ ಜಾಸ್ತಿ ನೆನೆಸಿಬಿಟ್ಟೆ."

"ಸುಳ್ಳು ಹೇಳ್ಬೇಡ. ಎಷ್ಟು ದಿನದಿಂದ ಹೀಗೆ?"

"ಸಪ್ಪೆ ತಿಂದು ಯಾರೂ ಸತ್ತಿಲ್ಲ ಕಣೇ ಗ್ರಸಿಯೆತ್. ನಿಮ್ಮಮ್ಮ ನಗ್ತಿದಾಳೆ ನೋಡು. ಎಷ್ಟು ದಿನ ಆಯ್ತು ಅವಳು ನಕ್ಕು?" ಅವನು ಮಗಳ ಕೈ ಹಿಡಿದುಕೊಂಡ. "ಗ್ಯಾಸನ್ನ ನಾನೇ ಹಚ್ತೀನಿ, ನಾನೇ ಆರಿಸ್ತೀನಿ. ಅವಳನ್ನ ಬಿಟ್ಟು ಒಂದು ಗಳಿಗೆ ಹೊರಗೆ ಹೋಗಲ್ಲ. ಅವಳನ್ನ ಕಳಿಸ್ಬೇಡ ಕಣಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ಅಪ್ಪಾ, ಏನು ಮಾತು ಅಂತ ಆಡ್ತೀಯಾ!" ಗ್ರಸಿಯೆತ್ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು. "ನೋಡೋಣ. ಆಕೆಗೆ ಅಮ್ಮ ಹಿಡಿಸಿದಾಳೆ ಅನ್ಸುತ್ತೆ."

ಅವರು ಒಳಗೆ ಬಂದಾಗ ಲುಸೀಲಿಯಾ ಕುರ್ಚಿಗೊರಗಿ, ತಾನು ಕಂಡ ಮುದುಕರ ತಮಾಷೆಗಳನ್ನು ಹೇಳುತ್ತಿದ್ದಳು. ಇದಾಲಿನಾ ಬಡಿಸುವುದನ್ನು ಬಿಟ್ಟು ನಗುತ್ತಿದ್ದಳು. ಗ್ರಸಿಯೆತ್‌ಳನ್ನು ಕಂಡು ಲುಸೀಲಿಯಾ ದನಿ ತಗ್ಗಿಸದೆಯೇ ಹೇಳಿದಳು: "ಇಂಥಾ ಹೆಂಗಸಿಗೆ ತನ್ನ ಅಡಿಗೆಮನೆ ಬಿಟ್ಟು ಬೇರೆ ಕಡೆ ಒಗ್ಗುತ್ತೇನ್ರೀ? ಯಾರಾದ್ರೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಜೊತೆಗಿದ್ರೆ ಸಾಕು. ಸದ್ಯಕ್ಕೆ ಹೀಗೇ ಇರ್ಲಿ ಬಿಡಿ."

ಆಯಿತು. ಗೆದ್ದೆ. ಫಿರ್ಮಿನುವಿನ ಕಣ್ಣು ಮಂಜಾಯಿತು. ಎಲ್ಲರ ಲೋಟಕ್ಕೂ ವೈನ್ ಸುರಿಯುವಾಗ ಮೇಜುಬಟ್ಟೆಯ ಮೇಲೂ ಚೆಲ್ಲಿದ. ಇದಾಲಿನಾ ಬೈಯಲಿಲ್ಲ. ಅದನ್ನು ಅವನು ಗಮನಿಸಲೂ ಇಲ್ಲ. "ಕೂರೇ, ನೀನೂ ತಿನ್ನೇ," ಎಂದು ಅವಳಿಗೆ ಕುರ್ಚಿ ಎಳೆದ.

ಅವಳು ಕೂತಳು. ಮಡಿಲ ಮೇಲೆ ಬಟ್ಟೆ ಹರಡಿಕೊಂಡು, ಮೀನು ಬಿಡಿಸಿ, ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಫೋರ್ಕನ್ನು ಸದ್ದಾಗದಂತೆ ತಟ್ಟೆಯ ಅಂಚಿಗೆ ಇಟ್ಟು, ಮೇಜಿನ ಮೇಲೆಲ್ಲ ಕಣ್ಣಾಡಿಸಿದಳು. ಬ್ರೆಡ್ಡು, ಎಣ್ಣೆ, ವೈನ್, ಅರ್ಧ ಖಾಲಿಯಾದ ಆಲಿವ್ ಬಟ್ಟಲು. ಕೂದಲು ನೇವರಿಸಿಕೊಂಡು, ಗೋಡೆಯ ಗಡಿಯಾರವನ್ನೂ ಕಿಟಕಿಯ ಪರದೆಯನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಫಿರ್ಮಿನುವಿನ ಕಡೆ ಬಾಗಿ, ಅವನ ತೋಳನ್ನು ಎರಡೇ ಬೆರಳಲ್ಲಿ ಮುಟ್ಟಿದಳು.

"ಸ್ವಾಮಿ, ತಪ್ಪು ತಿಳ್ಕೋಬೇಡಿ," ಎಂದಳು. ಪಿಸುಮಾತೇ, ಆದರೆ ಎಲ್ಲರಿಗೂ ಕೇಳಿಸಿತು. "ತಮ್ಮನ್ನ ನೋಡಿದ್ರೆ ಒಳ್ಳೇವ್ರ ಹಾಗೆ ಕಾಣ್ತೀರಿ, ಅದಕ್ಕೇ ಧೈರ್ಯ ಮಾಡ್ದೆ. ಒಂದು ಚಿಟಿಕೆ ಉಪ್ಪು ಸಿಗಬಹುದಾ?"

ಫಿರ್ಮಿನು ನಗಲು ನೋಡಿದ. ಬೆಳಗಿನ ಸಿಟ್ಟಿಗೆ ಸೇಡು ತೀರಿಸಿಕೊಳ್ಳುತ್ತಿರಬೇಕು. "ಏನೇ ಇದು ನಾಟಕ? ಸಾಕು ಮಾಡೇ," ಎಂದ.

ಅವಳು ಬೆಚ್ಚಿ ಕೈ ಹಿಂದೆಗೆದುಕೊಂಡಳು. ಪರಪುರುಷನೊಬ್ಬ ಸಲಿಗೆ ತೆಗೆದುಕೊಂಡರೆ ಹೆಂಗಸು ಹೇಗೆ ಮುದುಡುತ್ತಾಳೋ ಹಾಗೆ ಮುದುಡಿದಳು. "ಬೇಡ ಬಿಡಿ. ನಂದೇ ತಪ್ಪು, ಕೇಳಬಾರದಿತ್ತು," ಎಂದು ಅಡಿಗೆಮನೆಯ ಬಾಗಿಲ ಕಡೆ ಹೆದರಿ ನೋಡಿದಳು. "ಮನೆಯಾಕೆಗೆ ಕೇಳಿಸ್ತೋ ಏನೋ. ಪಾಪ, ಎಷ್ಟು ಆಸೆಪಟ್ಟು ಮಾಡಿದಾಳೋ. ಆಕೆಗೆ ಹೇಳ್ಬೇಡಿ ಸ್ವಾಮಿ. ಇಂಥಾ ಮಾತು ಕಿವಿಗೆ ಬಿದ್ರೆ ಅಡಿಗೆ ಮಾಡಿದೋಳಿಗೆ ನಿದ್ದೆ ಹತ್ತಲ್ಲ. ನಂಗೊತ್ತು."

ಗ್ರಸಿಯೆತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಲುಸೀಲಿಯಾ ತಟ್ಟೆ ನೋಡುತ್ತಿದ್ದಳು. ಊರವರ ರೀತಿ ಊರವರ ಬಾಯನ್ನೆಲ್ಲ ಕಟ್ಟಿಹಾಕಿತ್ತು, ಸರಿ. ಆದರೆ ಮನೆಯೊಡತಿಯೇ ಅತಿಥಿಯಾಗಿ ಕೂತು ಕೇಳಿದರೆ ಯಾವ ರೀತಿ ಕಾಯುತ್ತದೆ? ತನ್ನ ಮಕ್ಕಳ ತಾಯಿ, ತನ್ನ ಹಾಸಿಗೆಯಲ್ಲಿ ಮಲಗುವವಳು, ತನ್ನನ್ನು ಯಾರೋ ಒಳ್ಳೆಯ ಅಪರಿಚಿತನೆಂದು ನೋಡುತ್ತಿದ್ದಾಳೆ.

ಫಿರ್ಮಿನು ಎದ್ದು ಹೋಗಿ ಉಪ್ಪು ತಂದ. ತಟ್ಟೆಯ ಪಕ್ಕದಲ್ಲಿಟ್ಟು, "ತಗೊಳ್ಳಿ ಅಮ್ಮಾ," ಎಂದ. "ಮನೆಯಾಕೆಗೆ ನಾನು ಹೇಳಲ್ಲ."

ಇದಾಲಿನಾ ಮೂರು ಬೆರಳಲ್ಲಿ ಎತ್ತಿ ಮೀನಿನ ಮೇಲೆ ಉದುರಿಸಿ, ತಿಂದು ನೋಡಿದಳು. ಹದ ಸರಿಯಾಗಿತ್ತೆಂದು ಮುಖವೇ ಹೇಳಿತು. ಆಸೆಯಿಂದ ಇನ್ನೂ ನಾಲ್ಕು ತುತ್ತು ತಿಂದು, ಮತ್ತೆ ಅವನ ಕಡೆ ಬಾಗಿದಳು.

"ಆಕೇನೂ ಕರೀರಿ ಸ್ವಾಮಿ. ನಾವೆಲ್ಲಾ ತಿಂತಾ ಕೂತಿದೀವಿ, ಆಕೆ ಒಬ್ಬಳೇ ಒಲೆ ಮುಂದೆ. ಚೆನ್ನಾಗಿತ್ತು ಅಂತ ನಾನೇ ಬಾಯ್ತುಂಬ ಹೇಳ್ತೀನಿ."

"ಅಪ್ಪಾ, ಬೇಡ," ಎಂದಳು ಗ್ರಸಿಯೆತ್.

ಅವನು ಕೇಳಲಿಲ್ಲ. ಅಡಿಗೆಮನೆಗೆ ಹೋದ. ಒಲೆ ಆರಿತ್ತು, ಸೌಟು ಪಾತ್ರೆಯಲ್ಲೇ ಇತ್ತು. ಅಲ್ಲಿ ನಿಂತು, ಆಗರದಿಂದ ಬಂದು ಹಿತ್ತಿಲಲ್ಲಿ ಕಾಲು ತೊಳೆಯುತ್ತ ಕೂಗುತ್ತಿದ್ದ ದನಿಯಲ್ಲೇ ಕೂಗಿದ: "ಇದಾಲಿನಾ!" ಆ ಕೂಗಿಗೆ, ಊರೇನು ಮುಳುಗಿತಾ, ಬಂದೆ ತಡೀ, ಎಂದು ಉತ್ತರ ಬಾರದ ದಿನವಿರಲಿಲ್ಲ. ಬಾಗಿಲಿನಿಂದ ಅವಳ ಮುಖ ಕಾಣುತ್ತಿತ್ತು. ಒಂದು ಸಲ ಕತ್ತು ಕೊಂಕಿಸಿದರೆ ಸಾಕಿತ್ತು ಅವನಿಗೆ. "ಇದಾಲಿನಾ! ಲೇ ಇದಾಲಿನಾ!"

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಬರುವವಳಿಗಾಗಿ ನಗುಮುಖ ಸಿದ್ಧಮಾಡಿಕೊಂಡು ಕೂತಿದ್ದಳು.

ಫಿರ್ಮಿನು ಹೊರಗೆ ಬಂದು ಲುಸೀಲಿಯಾಳ ಕುರ್ಚಿಯ ಹತ್ತಿರ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ನಿಮ್ಮಲ್ಲಿ... ಹೊಳೆ ಆಚೆ... ಊಟಕ್ಕೆ ಉಪ್ಪು ಸರಿಯಾಗಿ ಹಾಕ್ತಾರಾ ಅಮ್ಮಾ?"

ಗ್ರಸಿಯೆತ್ ಬಿಕ್ಕಿದಳು. ಲುಸೀಲಿಯಾ ತಲೆಯೆತ್ತಿದಳು. ಅವಳ ಕಣ್ಣೂ ಕೆಂಪಾಗಿತ್ತು.

"ಸುಳ್ಳು ಹೇಳಲ್ಲ ಫಿರ್ಮಿನು ಅವರೇ. ಎಲ್ಲಾ ವಯಸ್ಸಾದೋರು, ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಕಾಲು ಊತ. ಡಾಕ್ಟರು ಬಿಡಲ್ಲ. ಸಪ್ಪೆ ಅಡಿಗೇನೇ."

ಅವನು ತಲೆದೂಗಿದ.

"ಇವಳು ಅಲ್ಲಿ ಕೇಳಲ್ಲ," ಎಂದ. "ಇವತ್ತು ಏನೋ ನನ್ನ ಮುಖ ನೋಡಿ ಕೇಳಿದ್ಳು. ಅಲ್ಲಿ ಯಾರ ಮುಖ ನೋಡಿ ಕೇಳ್ತಾಳೆ? ಸಪ್ಪೇನೇ ತಿಂದು, ಚೆನ್ನಾಗಿದೆ ಅಂತಾಳೆ. ದಿನಾ ಹಾಗೇ ಅಂತಾಳೆ. ನೀವು ನಂಬಬೇಡಿ. ಕೇಳದೇ ಇದ್ರೂ ಒಂದು ಚಿಟಿಕೆ ಕೊಡಿ."

ಇದಾಲಿನಾ ತಟ್ಟೆ ಪೂರ್ತಿ ಖಾಲಿ ಮಾಡಿ, ಬ್ರೆಡ್ಡಿನ ಚೂರಿನಿಂದ ಎಣ್ಣೆ ಒರೆಸಿ ತಿಂದು, ಅಡಿಗೆಮನೆಯ ಬಾಗಿಲನ್ನೇ ನೋಡುತ್ತ ಮನೆಯಾಕೆ ಬರಲೆಂದು ಕಾಯುತ್ತಿದ್ದಳು.